ಫೈಲ್ ಕಳಿಸ್ವಾಗ ಕಂಪ್ಯೂಟರ್ ಕ್ರ್ಯಾಶ್ ಆಗ್ತಿದ್ಯಾ?

ಮನೇಲಿ ಒಂದು ಪಿಸಿಯಿಂದ ಇನ್ನೊಂದಕ್ಕೆ ಮದುವೆ ವಿಡಿಯೋ ತರ ದೊಡ್ಡ ಫೈಲ್ ಹಾಕ್ವಾಗ ಮಾತ್ರ ಕ್ರ್ಯಾಶ್ ಆದ್ರೆ ಮೊದ್ಲು ನೋಡಬೇಕಾಗಿದ್ದು, ವಿಂಡೋಸ್ ಎರರ್ ತೋರ್ಸೋ ನೀಲಿ ಸ್ಕ್ರೀನ್ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಬರುತ್ತಾ ಇಲ್ಲ ದಬಕ್ ಅಂತ ಆಫ್ ಆಗುತ್ತಾ ಅಂತ. ಸುಮ್ನೆ ಆಫ್ ಆದ್ರೆ ಪವರ್ ಸಪ್ಲೈ ಅಥವಾ ಹೀಟ್ ಮೇಲೆ ಡೌಟು, ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದ ಕರೆಂಟಿಗಂತೂ ಯುಪಿಎಸ್ ಬೇಕೇ ಬೇಕು. ಇನ್ನು ಗುಡುಗು ಸಿಡಿಲು ಶುರುವಾಗೋ ಮೊದ್ಲೇ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ (ನೆಟ್‌ವರ್ಕ್ ವೈರು) ಕಿತ್ತಿಡಿ, ಆ ಕೇಬಲ್ ಮೂಲಕವೂ ಸಿಡಿಲು ಒಳಗೆ ಬರಬಹುದು.

ಆ ಎರರ್ ಸ್ಕ್ರೀನ್ ಬಂದ್ರೆ ಹೆಚ್ಚಾಗಿ ನೆಟ್‌ವರ್ಕ್ ಡ್ರೈವರ್ದೇ (ನೆಟ್‌ವರ್ಕ್ ಭಾಗ ನಡೆಸೋ ಸಾಫ್ಟ್‌ವೇರ್) ಕೆಲ್ಸ, ಸ್ಕ್ರೀನಲ್ಲಿರೋ ಎರರ್ ಹೆಸ್ರು ಫೋಟೋ ತೆಗ್ದಿಟ್ಕೊಂಡು ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ಕಂಪನಿ ಸೈಟಿಂದ್ಲೇ ಹೊಸ ಡ್ರೈವರ್ ಹಾಕಿ. ವೈಫೈ ಬಿಟ್ಟು ಲ್ಯಾನ್ ಕೇಬಲ್ಲಲ್ಲಿ ಅದೇ ಫೈಲ್ ಕಳ್ಸಿ, ಸರಿಯಾಗಿ ಹೋದ್ರೆ ತಪ್ಪು ಹೆಚ್ಚಾಗಿ ವೈಫೈ ಕಡೇದು. ಆಗ್ಲೂ ಕ್ರ್ಯಾಶ್ ಆದ್ರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ (ರ‍್ಯಾಮ್ ಚೆಕ್ ಮಾಡೋ ವಿಂಡೋಸ್‌ದೇ ಟೂಲ್) ಓಡ್ಸಿ.