ನಾಲ್ಕಡಿ ಬಾಲ್ಕನಿಯಲ್ಲೂ ಹಾಯಾಗಿ ಕೂರುವ ತೋಟ

ಮೊದಲು ಗಿಡ ತರಬೇಡಿ, ಕುರ್ಚಿ ಹಾಕಿ. ಬೆಂಗಳೂರಿನ ಫ್ಲ್ಯಾಟ್ ಬಾಲ್ಕನಿ ತುಂಬಾ ಸುಮ್ನೆ ಕುಂಡ ಜೋಡಿಸಿದರೆ ಕೂರಲು ಜಾಗವೇ ಉಳಿಯುವುದಿಲ್ಲ, ಅಲ್ವಾ? ಕಾಲು ಚಾಚುವಷ್ಟು ಬಿಟ್ಟು ಉಳಿದ ಮೂಲೆಗಳನ್ನು ಗಿಡಕ್ಕೆ ಕೊಡಿ.

ಆಮೇಲೆ ಬಿಸಿಲು ನೋಡಿ. ಪೂರ್ವದ ಬಾಲ್ಕನಿ ಸಿಕ್ಕವರು ಪುಣ್ಯವಂತರು, ಬೆಳಗಿನ ಎಳೆಬಿಸಿಲಿಗೆ ತುಳಸಿ, ದೊಡ್ಡಪತ್ರೆ ಚೆನ್ನಾಗಿ ಬರುತ್ತವೆ. ದುಂಡುಮಲ್ಲಿಗೆಯ ಆಸೆ ಇದ್ದರೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು, ಇಲ್ಲದಿದ್ದರೆ ಬರೀ ಎಲೆ, ಮೊಗ್ಗು ಕಾಣುವುದೇ ಕಷ್ಟ. ಪಶ್ಚಿಮದ ಸುಡುಬಿಸಿಲಿಗೆ ಕಾಗದದ ಹೂವಿನ ಗಿಡ (ಬೋಗನ್‌ವಿಲ್ಲಾ). ಉತ್ತರದ ನೆರಳಿಗೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಸಾಕು.

ಬರೀ ಕೆಂಪು ಮಣ್ಣು ತುಂಬಿಸಬೇಡಿ. ನೀರು ಕುಡಿದು ಗಟ್ಟಿಯಾಗುತ್ತದೆ, ಭಾರವೂ ಜಾಸ್ತಿ. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು ಬೆರೆಸಿ. ಕುಂಡದ ತಳದಲ್ಲಿ ತೂತಿರಲಿ, ಕೆಳಗೊಂದು ತಟ್ಟೆಯೂ ಇರಲಿ, ಇಲ್ಲದಿದ್ದರೆ ಕೆಳಗಿನ ಮನೆಯವರ ಒಣಗಿದ ಬಟ್ಟೆ ಮೇಲೆ ಕೆಸರುನೀರು ಸುರಿದು ಜಗಳ ಗ್ಯಾರಂಟಿ. ತಟ್ಟೆಯಲ್ಲಿ ನಿಂತ ನೀರನ್ನು ಮರೆಯದೆ ಚೆಲ್ಲಿ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ಕಟ್ಟೆಯ ಮೇಲೆ ಕುಂಡ ಇಡಲೇಬೇಡಿ. ಗಾಳಿಗೆ ಉರುಳಿದರೆ ಯಾರ ತಲೆ ಮೇಲೋ ಬೀಳುತ್ತದೆ. ಕಂಬಿಯ ಒಳಬದಿಗೆ ಗಟ್ಟಿ ಕೊಕ್ಕೆ ಹಾಕಿ ತೂಗುಬಿಡಿ.