ಹಳೆಯ ಮಿನಿಬೈಕ್‌ಗೆ ಕಡಿಮೆ ಖರ್ಚಿನಲ್ಲಿ ಮರುಜೀವ

49 ಸಿಸಿ ಎಂಜಿನ್‌ನ ನನ್ನ ಹಳೆಯ ಮಿನಿಬೈಕ್ ಚೋಕ್ (ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಕವಾಟ) ಹಾಕಿದಾಗ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಚೋಕ್ ತೆಗೆದ ಕೂಡಲೇ ನಿಂತುಬಿಡುತ್ತಿತ್ತು. ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಅನ್ನೇ ಹೊಸದಾಗಿ ಹಾಕಿಸಿ ಎಂಬ ಸಲಹೆ ಬಂತು. ನನಗದು ಒಪ್ಪಿಗೆಯಾಗಲಿಲ್ಲ. ಚೋಕ್ ಇಲ್ಲದೆ ನಿಲ್ಲುತ್ತದೆಂದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ.

ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ, ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಒದಗಿಸುವ ಪುಟ್ಟ ಹಿತ್ತಾಳೆಯ ತುಂಡಾದ ಪೈಲಟ್ ಜೆಟ್‌ನ ಕೂದಲೆಳೆಯಷ್ಟು ಸಣ್ಣ ರಂಧ್ರದಲ್ಲಿ ಒಣಗಿದ ಪೆಟ್ರೋಲಿನ ಹಸಿರು ಅಂಟು. ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ವಿದ್ಯುತ್ ತಂತಿಯೊಳಗಿನ ಒಂದೇ ತಾಮ್ರದ ಎಳೆಯಿಂದ ಮೆಲ್ಲಗೆ ಬಿಡಿಸಿದೆ. ಉಕ್ಕಿನ ಸೂಜಿ ಬೇಡವೇ ಬೇಡ, ಹಿತ್ತಾಳೆಯ ರಂಧ್ರ ಹಿಗ್ಗಿದರೆ ಜೆಟ್ ಕೆಟ್ಟಂತೆಯೇ.

ಟ್ಯಾಂಕಿನ ತುಕ್ಕು ಹಾಗೇ ಉಳಿದರೆ ಜೆಟ್ ಮತ್ತೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ರಾತ್ರಿಯಿಡೀ ವಿನೆಗರ್ ತುಂಬಿಟ್ಟು, ಬೆಳಿಗ್ಗೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿದೆ. ಕೆಂಪು ನೀರು ಹೋದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ತಡಮಾಡದೆ ಒಣಗಿಸಿ, ಒಳಗೆ ತೆಳುವಾಗಿ ಎಣ್ಣೆ ಸವರಿದೆ. ಹಸಿಯಾಗಿ ಬಿಟ್ಟರೆ ಗಂಟೆಗಳಲ್ಲೇ ಹೊಸ ತುಕ್ಕು.

ಪ್ಲಗ್‌ಗೆ ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಲೋಹದ ಸಂಪರ್ಕಗಳನ್ನು, ಅಂದರೆ ಪಾಯಿಂಟ್ಸ್ ಅನ್ನು ಉಜ್ಜಿ, ಅಂತರವನ್ನು 0.35 ಮಿ.ಮೀ.ಗೆ ಹೊಂದಿಸಿದೆ. ಕೊಂಡದ್ದು ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಪೈಪ್, ಗ್ಯಾಸ್ಕೆಟ್ ಅಷ್ಟೇ. ಹಳೆಯ ಬಣ್ಣವನ್ನು ಮುಟ್ಟಲಿಲ್ಲ, ಅದರ ಚೆಲುವೇ ಅದು. ಉಳಿದ ಹಣ ಟೈರ್‌ಗಳಿಗೆ. ಬಿರುಕುಬಿಟ್ಟ ರಬ್ಬರ್ ವಿಷಯದಲ್ಲಿ ಜಿಪುಣತನ ಸಲ್ಲದು. ಈಗ ಚೋಕ್ ತೆಗೆದರೂ ಎಂಜಿನ್ ಒಂದೇ ಲಯದಲ್ಲಿ ಓಡುತ್ತದೆ.