ಸೌಂಡ್ ಬಾಕ್ಸ್ ಮಾಡ್ತೀರಾ? ಪೈಪ್ ಸ್ವಲ್ಪ ಉದ್ದಾನೇ ಇರಲಿ
ಮೊದಲು ವೂಫರ್ (ಬೇಸ್ ನುಡಿಸುವ ದೊಡ್ಡ ಸ್ಪೀಕರ್) ಆರಿಸಿ, ಆಮೇಲೆ ಬಾಕ್ಸ್. ನಾನು ಉಲ್ಟಾ ಮಾಡಿದ್ದೆ. ಮನೆಯಲ್ಲಿ ಬಿದ್ದಿದ್ದ ಹಳೆ ಬಾಕ್ಸ್‌ಗೆ ಎಂಟಿಂಚಿನ ವೂಫರ್ ಕೂರಿಸಿದೆ, ಬೇಸ್ ಸಾಲದು ಅಂತ ಮುಂದುಗಡೆ ಅಂದಾಜಿನ ಮೇಲೆ ಒಂದು ತೂತನ್ನೂ ಕೊರೆದೆ. ಆಮೇಲೆ ತಬಲ, ಡೋಲು, ಗಿಟಾರ್ ಎಲ್ಲ ಒಂದೇ ಸ್ವರದಲ್ಲಿ ಗುಂಯ್ ಅನ್ನತೊಡಗಿದವು.

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದೆ ಅಲ್ವಾ? ಪೋರ್ಟ್, ಅಂದರೆ ಗಾಳಿ ಆಡಲು ಪೈಪ್ ಕೂರಿಸಿದ ತೂತು, ಇರುವ ಬಾಕ್ಸ್ ಕೂಡ ಹಾಗೇ. ಒಳಗೆ ಗಾಳಿ ಎಷ್ಟಿದೆ, ಪೈಪ್ ಎಷ್ಟು ಅಗಲ, ಎಷ್ಟು ಉದ್ದ ಅನ್ನುವುದರ ಮೇಲೆ ಅದರ ಸ್ವರ ನಿಲ್ಲುತ್ತದೆ.

ವೂಫರ್ ಕೊಳ್ಳುವಾಗ ಬರೀ ವಾಟ್ ನೋಡಬೇಡಿ. ಎಫ್‌ಎಸ್ (ವೂಫರ್ ತಾನಾಗಿ ಕಂಪಿಸುವ ಸ್ವರ), ಕ್ಯುಟಿಎಸ್ (ಆ ಕಂಪನಕ್ಕೆ ಹಿಡಿತ ಎಷ್ಟು ಅನ್ನುವ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ), ವಿಎಎಸ್ (ವೂಫರ್‌ನ ಸ್ಪ್ರಿಂಗ್‌ತನಕ್ಕೆ ಸಮನಾದ ಗಾಳಿ, ಲೀಟರ್‌ನಲ್ಲಿ) ಅಂತ ಮೂರು ಅಂಕಿ ಬೇಕು, ಎಂಜಿನಿಯರ್‌ಗಳಾದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಹಾಕಿಕೊಟ್ಟ ಬಾಕ್ಸಿನ ಲೆಕ್ಕ ನಿಂತಿರುವುದೇ ಇವುಗಳ ಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದನ್ನೆಲ್ಲ ಕೇಳಿದರೆ ಅಂಗಡಿಯವರು ನಿಮ್ಮ ಮುಖವನ್ನೇ ನೋಡಬಹುದು, ಹಾಗಾಗಿ ಡೇಟಾಶೀಟ್ ಸಿಗುವ ಮಾಡೆಲ್ ಯಾವುದು ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ಕ್ಯುಟಿಎಸ್ 0.4ರ ಆಸುಪಾಸು ಇದ್ದರೆ ಪೋರ್ಟ್ ಒಗ್ಗುತ್ತದೆ. 0.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಮುಚ್ಚಿದ ಬಾಕ್ಸೇ ವಾಸಿ.

ಪೋರ್ಟ್ ಬಾಕ್ಸ್‌ಗೆ 30 ಲೀಟರ್ ಬೇಕು ಅಂದುಕೊಳ್ಳಿ. ಒಳಅಳತೆ 25 × 30 × 40 ಸೆಂ.ಮೀ. ಮಾಡಿದರೆ ಸರಿಯಾಗಿ 30 ಲೀಟರ್, ಆದರೆ ವೂಫರ್, ಪೈಪ್, ಒಳಗಿನ ಪಟ್ಟಿಗಳೂ ಜಾಗ ತಿನ್ನುತ್ತವೆ, ಅದಕ್ಕೇ ಎತ್ತರ 43 ಇಡಿ. 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ ಹೊರಗಿನ ಪ್ರತಿ ಅಳತೆಗೂ 3.6 ಸೆಂ.ಮೀ. ಸೇರಿಸಿ. ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಬಲು ಕೆಟ್ಟದ್ದು. ಫೆವಿಕಾಲ್, ಸ್ಕ್ರೂ ಎರಡೂ ಇರಲಿ. ಅಕ್ಕಪಕ್ಕದ ದೊಡ್ಡ ಹಲಗೆಗಳ ನಡುವೆ ಒಂದು ಮರದ ಪಟ್ಟಿ ಅಡ್ಡ ಕೊಡಿ, ಇಲ್ಲದಿದ್ದರೆ ಹಲಗೆಯೂ ಹಾಡತೊಡಗುತ್ತದೆ. ಒಳಮೂಲೆಗಳಿಗೆ ಸಿಲಿಕೋನ್ ಎಳೆದು, ಅದರ ವಾಸನೆ ಪೂರ್ತಿ ಹೋದ ಮೇಲೆ ವೂಫರ್ ಕೂರಿಸಿ.

ಈಗ ಪೈಪ್. ಒಳವ್ಯಾಸವನ್ನು ಸೆಂ.ಮೀ.ನಲ್ಲಿ ಅಳೆದು ವರ್ಗ ಮಾಡಿ, 23,562ರಿಂದ ಗುಣಿಸಿ. ಬಾಕ್ಸಿಗೆ ಬೇಕಾದ ಸ್ವರದ ಹರ್ಟ್ಸ್‌ನ ವರ್ಗವನ್ನು ಬಾಕ್ಸಿನ ಲೀಟರ್‌ನಿಂದ ಗುಣಿಸಿ, ಬಂದದ್ದರಿಂದ ಮೊದಲು ಸಿಕ್ಕ ಅಂಕಿಯನ್ನು ಭಾಗಿಸಿ. ಕೊನೆಗೆ ವ್ಯಾಸದ 0.73ರಷ್ಟನ್ನು ಕಳೆಯಿರಿ. 7 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪ್, 30 ಲೀಟರ್, 40 ಹರ್ಟ್ಸ್ ಆದರೆ ಸುಮಾರು 19 ಸೆಂ.ಮೀ. ಬರುತ್ತದೆ. ಆದರೆ 23ಕ್ಕೆ ಕತ್ತರಿಸಿ! ಉದ್ದ ಇದ್ದರೆ ಕಡಿಮೆ ಮಾಡಬಹುದು, ಗಿಡ್ಡ ಆದರೆ ಮತ್ತೆ ಅಂಗಡಿಗೇ ಹೋಗಬೇಕು.

ಮೊಬೈಲ್‌ನ ಟೋನ್ ಆ್ಯಪ್‌ನಲ್ಲಿ 60 ಹರ್ಟ್ಸ್‌ನಿಂದ ನಿಧಾನವಾಗಿ ಕೆಳಗಿಳಿಸುತ್ತಾ ವೂಫರ್‌ನ ಕೋನ್ (ಹಿಂದೆ ಮುಂದೆ ಅಲುಗುವ ಭಾಗ) ನೋಡಿ. ವಾಲ್ಯೂಮ್ ಕಡಿಮೆಯೇ ಇರಲಿ. ಯಾವುದೋ ಒಂದು ಹರ್ಟ್ಸ್‌ಗೆ ಬಂದಾಗ ಕೋನ್ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ, ಪೈಪಿನ ಬಾಯಿಗೆ ಕೈ ಹಿಡಿದರೆ ಗಾಳಿ ಜೋರಾಗಿ ತಾಗುತ್ತದೆ. ಅದೇ ಬಾಕ್ಸಿನ ಸ್ವರ. 40ಕ್ಕಿಂತ ಕೆಳಗಿದ್ದರೆ ಪೈಪ್ ಹೊರಗೆಳೆದು ಒಂದೊಂದೇ ಸೆಂ.ಮೀ. ಕತ್ತರಿಸುತ್ತಾ ಬನ್ನಿ. ಆ ಸ್ವರಕ್ಕಿಂತ ಇನ್ನೂ ಕೆಳಗಿಳಿದರೆ ಕೋನ್ ಹಿಡಿತವಿಲ್ಲದೆ ಬಡಿದಾಡುತ್ತದೆ, ಅಲ್ಲಿ ವಾಲ್ಯೂಮ್ ಏರಿಸಿದರೆ ವೂಫರ್ ಕಥೆ ಮುಗಿಯಿತು.

ಒಳಗೋಡೆಗೆ ಹಳೆ ದಿಂಬಿನ ಪಾಲಿಯೆಸ್ಟರ್ ತೆಳ್ಳಗೆ ಅಂಟಿಸಿ, ಪೈಪಿನ ಒಳಬಾಯಿಯ ಹತ್ತಿರ ಮಾತ್ರ ಬೇಡ. ಸ್ವರ ಸರಿಯಾಗಿ ಕೂರುವ ತನಕ ಪೈಪಿಗೂ ಅಂಟು ಹಾಕಬೇಡಿ, ಇನ್ಸುಲೇಷನ್ ಟೇಪ್ ಸುತ್ತಿ ಬಿಗಿಯಾಗಿ ತೂರಿಸಿಟ್ಟರೆ ಸಾಕು.